ಅವಳು ವಾಪಸು ಬರುತ್ತಾಳೆ ಎಂಬುದಕ್ಕೆ ಪುರಾವೆ

"ನಿನ್ನ ವೀಸಾ ಅರ್ಜಿ ನನಗೆ ಬಿಡು. ಇಪ್ಪತ್ನಾಲ್ಕು ವರ್ಷದ ಸರ್ವೀಸಿನಲ್ಲಿ ನನ್ನ ಕೈಯಿಂದ ಹೊರಟ ಒಂದೇ ಒಂದು ಕಾಗದ ತಿರುಗಿ ಬಂದಿಲ್ಲ," ಎಂದು ನಾನು ಹೆಂಡತಿಗೆ ಹೇಳಿದೆ. ಹೇಳುವಾಗ ಕುರ್ಚಿಯಿಂದ ಎದ್ದು ನಿಂತಿದ್ದೆ. ಇಂಥ ಮಾತನ್ನು ಕೂತು ಹೇಳಿದರೆ ತೂಕ ಬರುವುದಿಲ್ಲ.

ಮಾತೇನೂ ಸುಳ್ಳಲ್ಲ. ನಾನು ನೀರು ಸರಬರಾಜು ಕಚೇರಿಯ ಸಿಬ್ಬಂದಿ ವಿಭಾಗದಲ್ಲಿ ಸೂಪರಿಂಟೆಂಡೆಂಟ್. ಊರಿಗೆ ನೀರು ಬಿಡುವವರು ಬೇರೆ, ಅವರಿಗೆ ರಜೆ ಬಿಡದವನು ನಾನು. ತಂದೆ ತೀರಿಕೊಂಡರೆಂದು ರಜೆ ಕೇಳಿದವನಿಗೆ, ತಂದೆ ಇದ್ದರೆಂಬುದಕ್ಕೆ ಮೊದಲು ದಾಖಲೆ ತಾ ಎಂದು ಬರೆದ ಮಹಾನುಭಾವ. 'ಸೂಕ್ತ ಪುರಾವೆ ಲಗತ್ತಿಸಿಲ್ಲ' ಎಂಬ ಮೂರು ಪದ ಬರೆದೂ ಬರೆದೂ ನನ್ನ ಬಲಗೈ ಬೆರಳಿನಲ್ಲಿ ಗಂಟು ಬಿದ್ದಿದೆ. ಅರ್ಜಿಯನ್ನು ಹೇಗೆ ಕೊಲ್ಲಬೇಕೆಂದು ಬಲ್ಲವನಿಗೆ ಹೇಗೆ ಬದುಕಿಸಬೇಕೆಂದೂ ಗೊತ್ತಿರುತ್ತದೆ ಎಂದು ನಾನು ನಂಬಿದ್ದೆ.

ನನ್ನ ಹೆಂಡತಿ ಕಣ್ಣಿನ ಆಸ್ಪತ್ರೆಯಲ್ಲಿದ್ದಾಳೆ. ಡಾಕ್ಟರಲ್ಲ, ನರ್ಸೂ ಅಲ್ಲ. ಕಣ್ಣು ಕಳೆದುಕೊಂಡವರಿಗೆ ಕೃತಕ ಕಣ್ಣು ಮಾಡುವವಳು. ರೋಗಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಅವನ ಉಳಿದ ಒಂದು ಕಣ್ಣನ್ನೇ ನೋಡುತ್ತಾ, ಅಂಗಿಯ ಗುಂಡಿಯಷ್ಟು ಅಗಲದ ಬಿಲ್ಲೆಯ ಮೇಲೆ ಕಂದು, ಬೂದು, ಜೇನು ಬಣ್ಣ ಬರೆಯುತ್ತಾಳೆ. ಬಿಳಿಭಾಗದ ಸಣ್ಣ ನರಗಳಿಗೆ ಕೆಂಪು ದಾರದ ಎಳೆ ಬಿಡಿಸಿ ಅಂಟಿಸುತ್ತಾಳೆ. ಹದಿನಾರು ವರ್ಷದಿಂದ ಇದೇ ಕೆಲಸ.

ಆದರೆ ಆ ಆಸ್ಪತ್ರೆಗೆ ಕಣ್ಣು ಹೋದವರಷ್ಟೇ ಬರುವುದಿಲ್ಲ. ಬೆಂಕಿಗೆ ಕಿವಿ ಕಳೆದುಕೊಂಡವರು, ಕ್ಯಾನ್ಸರಿಗೆ ಮೂಗು ಕೊಟ್ಟವರು ಸಹ ಬರುತ್ತಾರೆ. 'ಅದು ಇಲ್ಲಿ ಆಗಲ್ಲ' ಎಂದು ಅವರನ್ನು ವಾಪಸು ಕಳಿಸುವುದೂ ಇವಳ ಪಾಲಿಗೇ ಬಂದಿತ್ತು. ಹಾಗೆ ಕಳಿಸಿದವರ ಹೆಸರು, ಫೋನ್ ನಂಬರು ಬರೆದ ಒಂದು ನೋಟ್‌ಬುಕ್ ಅವಳ ಚೀಲದಲ್ಲಿರುತ್ತದೆ. ನಾನು ವಾಪಸು ಕಳಿಸಿದವರ ನಂಬರನ್ನು ನಾನೆಂದೂ ಬರೆದಿಟ್ಟುಕೊಂಡಿಲ್ಲ.

ಹೀಗಿರುವಾಗ ಹೊರದೇಶದ ಆಸ್ಪತ್ರೆಯೊಂದು ಸಿಲಿಕೋನಿನ ಕಿವಿ, ಮೂಗು ಮಾಡುವುದನ್ನು ಕಲಿಸಲು ಹತ್ತು ತಿಂಗಳ ಇಂಟರ್ನ್‌ಶಿಪ್ಪಿಗೆ ಇವಳನ್ನು ಆರಿಸಿತು. ವರ್ಷಕ್ಕೆ ಒಬ್ಬರು ಮಾತ್ರ. ವಯಸ್ಸು ನಲವತ್ತು ತುಂಬಿರಬಾರದು. ಇವಳಿಗೆ ಮೂವತ್ತೊಂಬತ್ತು ಕಳೆದು ಏಳು ತಿಂಗಳಾಗಿತ್ತು. ಈ ಸಲ ತಪ್ಪಿದರೆ ಜನ್ಮದಲ್ಲಿ ಮತ್ತೆ ಇಲ್ಲ.

ಅದಕ್ಕೆ ಬೇಕಾದದ್ದು ವಿನಿಮಯ ವೀಸಾ. ಅದರ ತತ್ವ ಸರಳ. ಬನ್ನಿ, ಕಲಿಯಿರಿ, ತಿರುಗಿ ಹೋಗಿ. ಮೊದಲ ಎರಡಕ್ಕೆ ಆ ಆಸ್ಪತ್ರೆಯ ಕಾಗದಗಳಿದ್ದವು. ಮೂರನೆಯದಕ್ಕೆ ನಾವೇ ಪುರಾವೆ ಕೊಡಬೇಕು. ತಿರುಗಿ ಹೋಗಲೇಬೇಕೆನ್ನುವಂಥ ಯಾವ ಸಂಬಂಧಗಳು ನಿಮಗೆ ನಿಮ್ಮ ನೆಲದಲ್ಲಿವೆ ಎಂದು ಫಾರಂನಲ್ಲಿ ಕೇಳಿದ್ದರು. 'ಪುರಾವೆ' ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ನನಗೆ ಆವೇಶ ಬಂತು.

"ನಮ್ಮ ಆಸ್ಪತ್ರೆಯವರು ಒಂದು ಕಾಗದ ಕೊಟ್ಟಿದ್ದಾರೆ ರೀ," ಎಂದಳು ಹೆಂಡತಿ. "ವಾಪಸ್ ಬಂದ್ಮೇಲೆ ನನ್ನ ಕೆಲಸ ಇದ್ದೇ ಇರುತ್ತೆ ಅಂತ. ಅಷ್ಟು ಸಾಕಂತೆ."

"ಒಂದೇ ಕಾಗದ ಕೊಟ್ರೆ ಅದನ್ನ ಅರ್ಜಿ ಅನ್ನಲ್ಲ, ಚೀಟಿ ಅಂತಾರೆ."

"ಅವರು ಕೇಳಿರೋದೇ ಅಷ್ಟು."

"ಕೇಳಿದಷ್ಟೇ ಕೊಡೋರು ಅನುಮಾನಕ್ಕೆ ಜಾಗ ಬಿಡ್ತಾರೆ. ನೀನು ಸುಮ್ನಿರು."

ಅವಳು ಸುಮ್ಮನಾದಳು. ಮದುವೆಯಾದ ಹದಿನೆಂಟು ವರ್ಷದಲ್ಲಿ ಅವಳು ಸುಮ್ಮನಾದಾಗಲೆಲ್ಲ ಒಪ್ಪಿಗೆ ಕೊಟ್ಟಳೆಂದೇ ನಾನು ದಾಖಲು ಮಾಡಿಕೊಂಡಿದ್ದೇನೆ.

ಭಾನುವಾರ ಬೆಳಗ್ಗೆ ಊಟದ ಮೇಜನ್ನು ಖಾಲಿ ಮಾಡಿಸಿ ಕೂತೆ. ಅಡಕ ಒಂದು: ಪತಿಯ ಹೇಳಿಕೆ. ಈ ಮನೆಗೂ ಅವಳಿಗೂ ಇರುವ ಸಂಬಂಧ ಎಷ್ಟು ಗಟ್ಟಿ ಎಂಬುದನ್ನು ಅಂಕಿ ಅಂಶ ಸಮೇತ ನಿರೂಪಿಸಿದೆ. 'ಅರ್ಜಿದಾರಳು ಬೆಳಗ್ಗೆ ಐದಕ್ಕೆ ಎದ್ದು ನನಗೆ ಹಾಸಿಗೆಗೇ ಚಹಾ ತಂದುಕೊಡುತ್ತಾಳೆ. ನನ್ನ ರಕ್ತದೊತ್ತಡದ ಮಾತ್ರೆ ಯಾವ ಬಣ್ಣದ್ದೆಂದು ನನಗೆ ತಿಳಿಯದು, ಅವಳಿಗೆ ಮಾತ್ರ ಗೊತ್ತು. ಗ್ಯಾಸ್ ಒಲೆ ಹಚ್ಚಲು ನನಗೆ ಬರುವುದಿಲ್ಲ. ಸ್ನಾನಕ್ಕೆ ಹೋಗುವಾಗ ಟವೆಲ್ ಒಯ್ಯುವ ಅಭ್ಯಾಸ ನನಗಿಲ್ಲ, ಕೂಗಿದರೆ ಅವಳು ಎಲ್ಲಿದ್ದರೂ ಬಂದು ಕೊಡುತ್ತಾಳೆ. ಆದಕಾರಣ ಸದರಿ ಅರ್ಜಿದಾರಳು ವಾಪಸು ಬರದೆ ಇರಲು ಸಾಧ್ಯವೇ ಇಲ್ಲ.' ನಾಲ್ಕೂವರೆ ಪುಟವಾಯಿತು. 'ಆದಕಾರಣ' ಎಂಬ ಪದ ಏಳು ಸಲ ಬಂತು. ಬರೆದು ಮುಗಿಸಿ ನಾನೇ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ.

ಅಡಕ ಎರಡು ಅಮ್ಮನದು. ಅಮ್ಮ ಹೇಳಿದಳು, ನಾನು ಬರೆದುಕೊಂಡೆ.

"ಬರ್ಕೋ. ನನ್ನ ಮೊಣಕಾಲಿಗೆ ಮುಲಾಮು ಹಚ್ಚೋದು ಅವಳೇ. ಬಲಗಾಲಿಗೆ ಬೆಳಗ್ಗೆ, ಎಡಗಾಲಿಗೆ ಸಂಜೆ."

"ಎರಡಕ್ಕೂ ಒಟ್ಟಿಗೇ ಹಚ್ಚಿದ್ರೆ ಆಗಲ್ವೇನಮ್ಮ?"

"ಎರಡೂ ಒಟ್ಟಿಗೆ ನೋಯಲ್ಲ ಕಣೋ." ಸಹಿ ಹಾಕುವ ಮುಂಚೆ ಅಮ್ಮ ಪೆನ್ನು ಹಿಡಿದು ಸ್ವಲ್ಪ ತಡೆದಳು. "ಇದನ್ನೆಲ್ಲ ಓದಿ ಅವರು ಏನಂತಾರೋ?"

"ಏನಂತಾರೆ? ಕಣ್ಣಲ್ಲಿ ನೀರು ಹಾಕ್ಕೋತಾರೆ."

ಅಮ್ಮ ಒಂದು ಗಳಿಗೆ ನನ್ನ ಮುಖ ನೋಡಿ, ಸಹಿ ಹಾಕಿ, ರೇಡಿಯೋ ಕಡೆ ತಿರುಗಿದಳು.

ಅಡಕ ಮೂರು ಪಕ್ಕದ ಬೀದಿಯಲ್ಲಿರುವ ನನ್ನ ತಂಗಿಯದು. ಶನಿವಾರ, ಭಾನುವಾರ ತನ್ನ ಇಬ್ಬರು ಮಕ್ಕಳನ್ನು ಅತ್ತಿಗೆಯ ಹತ್ತಿರ ಬಿಟ್ಟು ಹೋಗುವ ಬಗ್ಗೆ ಅವಳು ಮನಮುಟ್ಟುವಂತೆ ಬರೆದಿದ್ದಳು. ಅಡಕ ನಾಲ್ಕು ಕೆಳಮನೆಯ ನಿವೃತ್ತ ಮೇಷ್ಟ್ರದು. ದಿನಕ್ಕೆ ಮೂರು ಸಲ ತಮ್ಮ ಕಣ್ಣಿಗೆ ಔಷಧಿ ಬಿಡುವುದು ಈಕೆಯೇ ಎಂದು ದುಂಡಗಿನ ಅಕ್ಷರದಲ್ಲಿ ಬರೆದು, 'ಆಕೆ ಈ ಕಟ್ಟಡದ ಬೆನ್ನೆಲುಬು' ಎಂದು ಮುಗಿಸಿದ್ದರು. ಮೇಷ್ಟ್ರಿಗೆ ಭಾಷೆಯ ಮೇಲೆ ಹಿಡಿತವಿದೆ.

ಹಾಸ್ಟೆಲಿನಲ್ಲಿ ಓದುತ್ತಿರುವ ಮಗಳಿಗೂ ಒಂದು ಹೇಳಿಕೆ ಬರೆದು ಕಳಿಸಲು ಹೇಳಿದ್ದೆ. ಒಂದೇ ಸಾಲಿನ ಕಾಗದ ಬಂತು. 'ಅಮ್ಮ ಹೋಗಿ ಕಲಿತು ಬರಲಿ, ನನಗೇನೂ ತೊಂದರೆ ಇಲ್ಲ.'

ಫೋನ್ ಮಾಡಿದೆ. "ಇಷ್ಟೇನಾ? ಅಮ್ಮ ಇಲ್ದಿದ್ರೆ ನಿನಗೆ ಕಷ್ಟ ಆಗಲ್ವಾ?"

"ಆಗುತ್ತೆ ಅಪ್ಪ. ಆದ್ರೆ ಅದನ್ನ ಯಾಕೆ ಅವರಿಗೆ ಹೇಳ್ಬೇಕು?"

ತೊಂದರೆ ಇಲ್ಲದ ಸಂಬಂಧ ಪುರಾವೆ ಹೇಗಾಗುತ್ತದೆ? 'ವಿಷಯಕ್ಕೆ ಸಂಬಂಧಿಸಿಲ್ಲ' ಎಂದು ಷರಾ ಬರೆದು ಆ ಕಾಗದವನ್ನು ಬದಿಗಿಟ್ಟೆ.

ಎಲ್ಲವನ್ನೂ ಆ ದೇಶದ ಭಾಷೆಗೆ ಅನುವಾದ ಮಾಡಿಸಬೇಕಿತ್ತು. ನಮ್ಮ ಕಚೇರಿಯೆದುರು ಜೆರಾಕ್ಸ್ ಅಂಗಡಿಯ ಮೇಲೆ ಒಂದು ಸಣ್ಣ ಕೋಣೆಯಲ್ಲಿ ಒಬ್ಬ ಅನುವಾದಕರಿದ್ದಾರೆ. ಅಡಕ ಒಂದನ್ನು ಓದುತ್ತಾ ಓದುತ್ತಾ ಅವರು ಕನ್ನಡಕ ತೆಗೆದು ಒರೆಸಿದರು.

"ಸಾರ್, ಇದನ್ನ ಅವರಿಗೆ ಕೊಡ್ತೀರಾ?"

"ಮತ್ತೆ?"

"ಎಲ್ಲಾನೂ?"

"ಒಂದಕ್ಷರ ಬಿಡಬೇಡಿ."

"ಮೇಡಂ ಓದಿದ್ದಾರಾ ಸಾರ್?"

"ಅವಳಿಗೆ ಪುರುಸೊತ್ತೆಲ್ಲಿ? ಎರಡನೇ ಪುಟ ನೋಡಿ, ಗೊತ್ತಾಗುತ್ತೆ."

ಅವರು ಎರಡನೇ ಪುಟ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನನ್ನ ಬರವಣಿಗೆಯ ಮೋಡಿಗೆ ಮಾತು ನಿಂತುಹೋಯಿತೆಂದು ನಾನು ತಿಳಿದೆ.

ಅನುವಾದಗಳು, ಮದುವೆಯ ಫೋಟೋಗಳು, ಔಷಧಿ ಚೀಟಿಗಳು, ಅಮ್ಮನ ಎರಡೂ ಮೊಣಕಾಲಿನ ಎಕ್ಸ್‌ರೇ ಸೇರಿ ಒಟ್ಟು ಅರವತ್ತೆರಡು ಪುಟ. ಕೆಂಪು ಶಾಯಿಯಲ್ಲಿ ಪುಟಸಂಖ್ಯೆ, ಮೊದಲಿಗೆ ಪರಿವಿಡಿ, ಮೂಲೆಗೆ ದಾರ. ಇಂಥ ಫೈಲನ್ನು ನಮ್ಮ ಕಚೇರಿಯಲ್ಲಿ ಯಾರಾದರೂ ತಂದಿದ್ದರೆ ನಾನು ಎದ್ದು ನಿಂತು ರಜೆ ಕೊಡುತ್ತಿದ್ದೆ.

"ಏನಿದೆ ರೀ ಇದರಲ್ಲಿ?" ಎಂದಳು ಹೆಂಡತಿ ಫೈಲನ್ನು ಕೈಯಲ್ಲಿ ತೂಗುತ್ತಾ.

"ನಿನ್ನ ಮೇಲಿರೋ ಪ್ರೀತಿ."

"ಇಷ್ಟು ದಪ್ಪ ಇದೆಯಾ?" ಎಂದು ದಾರ ಬಿಚ್ಚಲು ಹೋದಳು. ಅಷ್ಟರಲ್ಲಿ ಒಳಗಿನಿಂದ ಅಮ್ಮ ಎಡಗಾಲಿನ ಹೊತ್ತಾಯಿತೆಂದು ಕರೆದಳು. ಹೆಂಡತಿ ಫೈಲನ್ನು ಮೇಜಿನ ಮೇಲಿಟ್ಟು ಹೋದಳು.

ಸಂದರ್ಶನದ ದಿನ ವೀಸಾ ಕಚೇರಿಯ ಒಳಗೆ ಅರ್ಜಿದಾರರಿಗೆ ಮಾತ್ರ ಪ್ರವೇಶ. ನಾನು ಎದುರಿನ ಫುಟ್‌ಪಾತಿನಲ್ಲಿ ಅವಳ ಚೀಲ, ಫೋನು, ಛತ್ರಿ ಹಿಡಿದು ನಿಂತೆ. ಪಕ್ಕದಲ್ಲಿ ಇನ್ನೊಬ್ಬರು ಮಗಳ ಚೀಲ ಹಿಡಿದು ನಿಂತಿದ್ದರು.

"ನಿಮ್ಮದು ಎಷ್ಟು ಪುಟ?" ಎಂದೆ.

"ಏಳಿರಬೇಕು. ನಿಮ್ಮದು?"

ಹೇಳಿದೆ. ಅವರು ಒಂದು ಹೆಜ್ಜೆ ಸರಿದು ನಿಂತರು, ಗೌರವದಿಂದ ಇರಬೇಕು. ಹತ್ತು ನಿಮಿಷಕ್ಕೆ ಅವರ ಮಗಳು ನಗುತ್ತಾ ಓಡಿ ಬಂದಳು. ನನ್ನ ಹೆಂಡತಿಗೆ ಮುಕ್ಕಾಲು ಗಂಟೆ ಹಿಡಿಯಿತು. ಓದಲು ಹೊತ್ತು ಬೇಕಲ್ಲ ಎಂದುಕೊಂಡೆ.

ಅವಳು ಫೈಲನ್ನು ಎದೆಗೆ ಅವಚಿಕೊಂಡು ರಸ್ತೆ ದಾಟಿ ಬಂದಳು.

"ಏನಾಯ್ತೇ?"

"ಇಲ್ಲ ಅಂದ್ರು."

ಇಲ್ಲಿ ಒಂದು ಕ್ಷಣದ ಮಾತು ಹೇಳದೆ ಮುಂದೆ ಹೋದರೆ ನಾನು ಇದನ್ನು ಬರೆಯುವುದೇ ದಂಡ. ಆ ಮಾತು ಕೇಳಿದಾಗ ನನಗೆ ಮೊದಲು ಆದದ್ದು ದುಃಖವಲ್ಲ, ನಿರಾಳ. ನಾಳೆ ಬೆಳಗ್ಗೆ ಚಹಾ ಇದೆ ಎಂಬ ನಿರಾಳ. ಇಷ್ಟು ದಿನ ನನ್ನೊಳಗೆ ಒಂದು ಭಯ ಇತ್ತು ಎಂಬುದೇ ನನಗೆ ಆಗ ತಿಳಿಯಿತು. ಮರುಕ್ಷಣ ಮುಖ ಸಪ್ಪಗೆ ಮಾಡಿಕೊಂಡೆ, ಆದರೆ ತಡವಾಗಿತ್ತು. ದಿನವೆಲ್ಲ ಜನರ ಕಣ್ಣನ್ನೇ ನೋಡುತ್ತಾ ಕೂರುವವಳು ಅವಳು. ನೋಡಿದಳು. ನನ್ನ ಕೈಯಿಂದ ಛತ್ರಿ ಇಸಕೊಂಡಳು.

ಬಸ್ಸಿನಲ್ಲಿ ಕೂತ ಮೇಲೆ ಬಾಯಿ ಬಿಟ್ಟಳು. "ಕಿಟಕಿಯಲ್ಲಿ ಒಬ್ಬರು ವಯಸ್ಸಾದ ಹೆಂಗಸು ಇದ್ರು. ನಿಮ್ಮ ಫೈಲು ಪೂರ್ತಿ ಓದಿದ್ರು."

"ಪೂರ್ತಿನಾ?" ಆ ಸ್ಥಿತಿಯಲ್ಲೂ ನನಗೆ ಹೆಮ್ಮೆಯಾಯಿತು.

"ಪೂರ್ತಿ. ಪಕ್ಕದ ಕಿಟಕಿಯವರನ್ನೂ ಕರೆದು ಮೂರನೇ ಪುಟ ತೋರಿಸಿದ್ರು. ಆಮೇಲೆ ನನ್ನ ಮುಖ ನೋಡಿ ಒಂದೇ ಪ್ರಶ್ನೆ ಕೇಳಿದ್ರು. ಹತ್ತು ತಿಂಗಳು ಇದೆಲ್ಲ ಇಲ್ಲದೆ ಇದ್ದ ಮೇಲೆ ನೀವು ಯಾಕೆ ವಾಪಸ್ ಹೋಗ್ತೀರಿ, ಅಂತ."

"ನೀನೇನಂದೆ?"

"ಯೋಚನೆ ಮಾಡ್ತಾ ನಿಂತೆ."

"ಅದರಲ್ಲಿ ಯೋಚನೆ ಮಾಡೋಕೇನಿದೆ?"

"ಏನೂ ಸಿಗಲಿಲ್ಲ ರೀ. ಅಷ್ಟರಲ್ಲಿ ಅವರು ಮೊಹರು ಹೊಡೆದ್ರು." ಬಸ್ಸಿನ ಟಿಕೆಟನ್ನು ಮಡಚಿ ಚೀಲಕ್ಕೆ ಹಾಕುತ್ತಾ, "ಒಳ್ಳೇ ಹೆಂಗಸು. ಫೈಲು ವಾಪಸ್ ಕೊಡುವಾಗ 'ಜೋಪಾನ' ಅಂದ್ರು. ಫೈಲಿಗೆ ಹೇಳಿದ್ರೋ ನನಗೆ ಹೇಳಿದ್ರೋ ಗೊತ್ತಾಗಲಿಲ್ಲ," ಎಂದಳು.

ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ದಾರ ಬಿಚ್ಚಿ ಓದತೊಡಗಿದಳು. ಅಮ್ಮ ಕರೆದಳು, ಇವಳು ಏಳಲಿಲ್ಲ. ಅಮ್ಮ ಮತ್ತೆ ಕರೆದಳು. ಹೆಂಡತಿ ಪುಟ ತಿರುವಿದಳು. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಕೊನೆಯ ಎಕ್ಸ್‌ರೇಯನ್ನೂ ಬೆಳಕಿಗೆ ಹಿಡಿದು ನೋಡಿ ಫೈಲು ಮುಚ್ಚಿದಳು.

"ಇದರಲ್ಲಿ ಒಂದೂ ಸುಳ್ಳಿಲ್ಲ," ಎಂದಳು. "ಇದೆಲ್ಲ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಅಂತಲೇ ಬರೆದೆ."

"ನಿಮಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ ನಾನು. ಗಂಡಸರು, ಗಮನ ಇರಲ್ಲ, ಗೊತ್ತಿಲ್ಲದೆ ಮಾಡಿಸ್ಕೋತಾರೆ ಅಂತ. ಹದಿನೆಂಟು ವರ್ಷ ಅದೊಂದು ಸಮಾಧಾನ ಇತ್ತು ನನಗೆ."

ಕಚೇರಿಯಲ್ಲಿ ನೂರಾರು ಜನ ನನ್ನೆದುರು ಬೈದುಕೊಂಡು ಹೋಗಿದ್ದಾರೆ, ಒಬ್ಬ ಪೇಪರ್‌ವೇಟನ್ನೂ ಎತ್ತಿದ್ದ. ಯಾವುದೂ ನನಗೆ ತಾಗಿರಲಿಲ್ಲ. ಇವಳು ಧ್ವನಿಯನ್ನೂ ಏರಿಸಲಿಲ್ಲ, ನಾನೇ ಬಾಗಿಲಿನಿಂದ ಸರಿದು ಹೋದೆ.

ಹೊರದೇಶದ ಆಸ್ಪತ್ರೆಯವರು ದೊಡ್ಡ ಮನಸ್ಸು ಮಾಡಿ ಇನ್ನು ಮೂರು ವಾರ ಜಾಗ ಹಿಡಿದಿಡುತ್ತೇವೆ ಎಂದರು. ವೀಸಾಕ್ಕೆ ಮತ್ತೆ ಅರ್ಜಿ ಹಾಕಬಹುದಿತ್ತು. ನಾನು ಮೆಲ್ಲನೆ ಹತ್ತಿರ ಹೋಗಿ, "ಈ ಸಲ ಚಿಕ್ಕದಾಗಿ ಒಂದು," ಎಂದು ಶುರು ಮಾಡಿದೆ.

"ನೀವು ಪೆನ್ನು ಮುಟ್ಟಬೇಡಿ," ಎಂದಳು.

ಇಪ್ಪತ್ತು ನಿಮಿಷದಲ್ಲಿ ಫಾರಂ ತುಂಬಿದಳು. ಜೊತೆಗೆ ಇಟ್ಟದ್ದು ಮೂರೇ ಹಾಳೆ. ಆಸ್ಪತ್ರೆಯ ಕಾಗದ, ಅವಳ ನೋಟ್‌ಬುಕ್ಕಿನ ಒಂದು ಪುಟದ ಜೆರಾಕ್ಸ್, ನಾನು ಬದಿಗಿಟ್ಟಿದ್ದ ಮಗಳ ಒಂದು ಸಾಲು. ನನ್ನ ಷರಾ ಇದ್ದ ತುದಿಯನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದಳು. ಸಂದರ್ಶನಕ್ಕೆ ಒಬ್ಬಳೇ ಹೋದಳು. ಚೀಲ ಹಿಡಿಯಲೂ ನನ್ನನ್ನು ಕರೆಯಲಿಲ್ಲ. ಮಧ್ಯಾಹ್ನದ ಊಟಕ್ಕೆ ಮೊದಲೇ ಮನೆಯಲ್ಲಿದ್ದಳು.

"ಆಯ್ತು."

"ಎಷ್ಟು ಹೊತ್ತು?"

"ನಾಲ್ಕು ನಿಮಿಷ. ಅದೇ ಹೆಂಗಸು, ಅದೇ ಪ್ರಶ್ನೆ. ಹನ್ನೊಂದು ಜನ ಕಿವಿ, ಮೂಗು ಇಲ್ಲದೆ ಕಾಯ್ತಿದ್ದಾರೆ, ಅವರಿಗೆ ಮಾಡಿಕೊಡ್ಬೇಕು, ಅದಕ್ಕೆ ಬರ್ತೀನಿ ಅಂದೆ. ತಕ್ಷಣ ನಂಬಿದ್ರು."

ಯಾರದೋ ಮೂಗಿಗಾಗಿ ಸಮುದ್ರ ದಾಟಿ ಬರುತ್ತಾಳೆಂದರೆ ನಂಬಿಕೆ, ನನ್ನ ಮುಖಕ್ಕಾಗಿ ಬರುತ್ತಾಳೆಂದರೆ ಮೊಹರು. ಕೇಳಬಾರದಿತ್ತು, ಆದರೂ ಕೇಳಿದೆ. "ನನ್ನ ವಿಷಯ ಏನೂ ಬರಲಿಲ್ವಾ?"

"ಬಂತು. ನೀವಿಲ್ಲದೆ ಯಜಮಾನರು ಹೇಗಿರ್ತಾರೆ ಅಂದ್ರು. ಕಲ್ತುಕೋತಾರೆ ಅಂದೆ." ಅವಳು ಸಿಂಕಿನಲ್ಲಿ ಕೈ ತೊಳೆಯುತ್ತಿದ್ದಳು. "ಹೇಳಿದ್ದೆಲ್ಲ ನಿಜ ಅಂತ ಕೊನೇಲಿ ಸಹಿ ಹಾಕಿಸ್ಕೋತಾರೆ ರೀ. ಅದೊಂದು ಮಾತಿಗೆ ಪೆನ್ನು ಕೆಳಗಿಟ್ಟು ಮತ್ತೆ ತಗೊಂಡೆ."

ಹೊರಡುವ ದಿನ ಹತ್ತಿರವಾದಂತೆ ಅವಳು ನನಗೊಂದು ದೊಡ್ಡ ಪಟ್ಟಿ ಬರೆದುಕೊಡುತ್ತಾಳೆ ಎಂದು ಕಾದೆ. ಯಾವ ಮಾತ್ರೆ ಯಾವಾಗ, ಯಾವ ಡಬ್ಬಿಯಲ್ಲಿ ಏನು, ಯಾವ ಅಂಗಿ ಎಲ್ಲಿ. ಏನೂ ಬರೆಯಲಿಲ್ಲ. ಹೊರಡುವ ದಿನ ಬೆಳಗ್ಗೆ ಬಾಯಿ ಬಿಟ್ಟು ಕೇಳಿಯೇಬಿಟ್ಟೆ. ಅವಳು ಅಡುಗೆಮನೆಯ ಗೋಡೆ ತೋರಿಸಿದಳು. ನನ್ನ ಅಡಕ ಒಂದರ ನಾಲ್ಕೂವರೆ ಪುಟಗಳು ಒಲೆಯ ಪಕ್ಕದಲ್ಲಿ ಸಾಲಾಗಿ ಅಂಟಿಕೊಂಡಿದ್ದವು.

"ಐದು ಗಂಟೆಯಿಂದ ಹಿಡಿದು ಎಲ್ಲಾ ಕ್ರಮವಾಗಿ ಬರೆದಿದ್ದೀರಿ," ಎಂದಳು. "ನಾನು ಬೇರೆ ಯಾಕೆ ಬರೀಲಿ?"

ವಿಮಾನ ನಿಲ್ದಾಣದಲ್ಲಿ ಗಾಜಿನ ಬಾಗಿಲ ತನಕ ಬಿಟ್ಟರು. ಮಗಳು ಹಾಸ್ಟೆಲಿನಿಂದ ಬಂದಿದ್ದಳು. ತಾಯಿ ಮಗಳು ತಬ್ಬಿಕೊಂಡು ಏನೋ ಹೇಳಿಕೊಂಡು ನಕ್ಕರು. ನನ್ನ ಸರದಿ ಬಂದಾಗ ಹೆಂಡತಿ ನನ್ನ ಕಾಲರ್ ಸರಿ ಮಾಡಿ, "ಮಾತ್ರೆ ಬಿಳಿಯದು," ಎಂದಳು. ನನ್ನ ಕಣ್ಣಿಗೆ ನೀರು ಬಂತು. ಅವಳು ಒಮ್ಮೆ ಕೈಯೆತ್ತಿ ಒಳಗೆ ಹೋದಳು. ಹಿಂದೆ ತಿರುಗಿ ನೋಡಿದಳೋ ಇಲ್ಲವೋ ಜನರ ಅಡ್ಡದಲ್ಲಿ ಕಾಣಲಿಲ್ಲ.

ಮಗಳನ್ನು ಹಾಸ್ಟೆಲಿಗೆ ಬಿಟ್ಟು ಮನೆಗೆ ಬರುವಾಗ ಸಂಜೆ. ಗೋಡೆ ನೋಡಿ ಒಲೆ ಹಚ್ಚಿದೆ, ಐದನೇ ಪ್ರಯತ್ನಕ್ಕೆ ಹತ್ತಿತು. ಚಹಾ ಮಾಡಿದೆ. ಅಮ್ಮ ಒಂದು ಗುಟುಕು ಕುಡಿದು ಲೋಟವನ್ನು ದೂರ ಇಟ್ಟಳು. ಮುಲಾಮಿನ ಟ್ಯೂಬು ಹುಡುಕಿ ತಂದು ಅವಳ ಕಾಲ ಬಳಿ ನೆಲದ ಮೇಲೆ ಕೂತೆ.

"ಅದು ಬಲಗಾಲು ಕಣೋ. ಈಗ ಎಡಗಾಲು."

ಎಡಗಾಲಿಗೆ ಹಚ್ಚಿದೆ. ರೇಡಿಯೋ ತನ್ನ ಪಾಡಿಗೆ ಹಾಡುತ್ತಿತ್ತು. ಇಪ್ಪತ್ನಾಲ್ಕು ವರ್ಷ ಬೇರೆಯವರನ್ನು ಪುರಾವೆ ಕೇಳಿದವನಿಗೆ ಆಗ ಬೇಕಾಗಿದ್ದದ್ದು ಬರೀ ಒಂದು ಬಾಯಿಮಾತು.

"ಹತ್ತೇ ತಿಂಗಳು," ಎಂದೆ. "ಬರ್ತಾಳೆ ಅಲ್ವೇನಮ್ಮ?"

ಅಮ್ಮ ರೇಡಿಯೋ ಆರಿಸಿದಳು. ನಮ್ಮಪ್ಪನ ಕೈಹಿಡಿದು, ಸೊಸೆಯಾಗಿ ಈ ಮನೆಗೆ ಬಂದು ಅವಳಿಗೆ ಐವತ್ತೆರಡು ವರ್ಷವಾಗಿತ್ತು.

"ನನ್ನನ್ನ ಕೇಳ್ಬೇಡ ಕಣೋ," ಎಂದಳು.

"ಯಾಕಮ್ಮ? ಹೇಳು, ಪರವಾಗಿಲ್ಲ."

"ನಾನಾಗಿದ್ರೆ ಬರ್ತಿರಲಿಲ್ಲ."